ಸವೆಯದ ಅಳತೆ: ಪಿತ್ರಾರ್ಜಿತ ಮೋಟಾರುಗಳ ವಯಸ್ಸು ಮತ್ತು ಬೆಲೆ

ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನಿಪ್ಪಾಣಿಯನ್ನು ದಾಟಿದ ಮೇಲೆ, ಸಂಕೇಶ್ವರವನ್ನು ಮುಟ್ಟುವುದಕ್ಕೆ ಮೊದಲು, ಕಣಗಲಾ ಎಂಬ ಊರು ಸಿಕ್ಕುತ್ತದೆ. ಸುತ್ತಲೂ ಹೊಗೆಸೊಪ್ಪು ಬೆಳೆಯುವ ಸೀಮೆ. ಈ ಊರಿನ ಬಳಿಯ ಒಂದು ತೋಟದ ಮನೆಯಲ್ಲಿ, ಹಿಂದೆ ಹೊಗೆಸೊಪ್ಪನ್ನು ಒಟ್ಟುತ್ತಿದ್ದ ಗೋದಾಮಿನೊಳಗೆ, ಮೂರು ಹಳೆಯ ಮೋಟಾರುಗಳು ನಿಂತಿದ್ದುವು. ಮನೆಯ ಯಜಮಾನರು ತೀರಿಕೊಂಡಿದ್ದರು. ಮೂವರು ಗಂಡುಮಕ್ಕಳಲ್ಲಿ ಆಸ್ತಿ ಪಾಲಾಗಬೇಕಾಗಿತ್ತು. ಹೊಲಕ್ಕೆ ಸರ್ವೆ ನಂಬರುಂಟು, ಬಂಗಾರಕ್ಕೆ ತಕ್ಕಡಿಯುಂಟು. ಆದರೆ ಈ ಗಾಡಿಗಳನ್ನು ಯಾವ ಅಳತೆಯಿಂದ ಪಾಲುಮಾಡುವುದು? ಆ ಮನೆಯ ಹುಡುಗನೊಬ್ಬನು ನಮ್ಮ ವಿದ್ಯಾರ್ಥಿಯಾಗಿದ್ದುದರಿಂದ, ಭೌತಶಾಸ್ತ್ರದ ಉಪಾಧ್ಯಾಯರಿಗೆ ಯಂತ್ರಗಳೆಲ್ಲ ತಿಳಿದಿರಬೇಕೆಂಬ ಭಾವನೆಯಿಂದ ನಮ್ಮನ್ನು ಕರೆಸಿದರು.

ಆ ವೇಳೆಗೆ ಎರಡು ಬೇಡಿಕೆಗಳು ಬಂದಿದ್ದುವು. ಹಳೆಯ ಕಬ್ಬಿಣ ಕೊಳ್ಳುವ ಮೋಡಕಾ ವ್ಯಾಪಾರಿಯು ಮೂರನ್ನೂ ತೂಕದ ಮೇಲೆ ಕೊಳ್ಳಲು ಸಿದ್ಧನಾಗಿದ್ದನು. ಪಟ್ಟಣದ ಒಬ್ಬ ಗಿರಾಕಿಯು ಷೆವ್ರೊಲೆ ಒಂದನ್ನೇ ದೊಡ್ಡ ಬೆಲೆಗೆ ಕೇಳಿದ್ದನು. ಆದರೆ ಅದು ‘1930ರ ಅಸಲು ಗಾಡಿ’ ಎಂದು ಬರೆದುಕೊಡಬೇಕೆಂಬುದು ಅವನ ಷರತ್ತು. ಹಿರಿಯಣ್ಣನು ಆ ಗಾಡಿಯನ್ನು ತನ್ನ ಪಾಲಿಗೆ ಇಟ್ಟುಕೊಂಡು, ಉಳಿದ ಎರಡನ್ನು ತಮ್ಮಂದಿರಿಗೆ ಬಿಡುವುದೆಂದು ಬಹುಮಟ್ಟಿಗೆ ನಿಶ್ಚಯವಾಗಿತ್ತು. ಬರೆದುಕೊಟ್ಟ ಮಾತು ಸುಳ್ಳಾದರೆ ಅದರ ಹೊಣೆ ಬರೆದವರ ಮೇಲೆ ಬರುತ್ತದೆಯಲ್ಲವೆ? ಆದುದರಿಂದ ಬೆಲೆಯ ಪ್ರಶ್ನೆಯನ್ನು ಬದಿಗಿಟ್ಟು, ಮೊದಲು ವಯಸ್ಸಿನ ಪ್ರಶ್ನೆಯನ್ನು ಕೈಗೆತ್ತಿಕೊಂಡೆವು.

ಜನರು ಹಳೆಯ ಮೋಟಾರುಗಳನ್ನೆಲ್ಲ ‘ವಿಂಟೇಜ್’ ಎಂದು ಕರೆಯುವುದುಂಟು. ಆದರೆ ಈ ಪದಕ್ಕೆ ಖಚಿತವಾದ ಅರ್ಥವಿದೆ. ಅದೂ ಒಂದಲ್ಲ, ಎರಡು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ದ ವರ್ಗೀಕರಣದಂತೆ 1919ರಿಂದ 1930ರವರೆಗೆ ತಯಾರಾದವು ಮಾತ್ರ ವಿಂಟೇಜ್, 1905ರಿಂದ 1918ರವರೆಗಿನವು ‘ವೆಟರನ್’, 1931ರಿಂದ 1945ರವರೆಗಿನವು ‘ಪೋಸ್ಟ್-ವಿಂಟೇಜ್’. ನಮ್ಮ ದೇಶದ ಕಾನೂನು ಬೇರೆಯಾಗಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದು, ಮೂಲ ಸ್ವರೂಪದಲ್ಲಿಯೇ ಉಳಿದುಕೊಂಡಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು ವಿಂಟೇಜ್ ಎನಿಸುತ್ತವೆ. ಚಾಸಿಸ್, ಮೈಕಟ್ಟು, ಎಂಜಿನ್ ಇವುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಗೋದಾಮನ್ನು ಹೊಕ್ಕೊಡನೆ ನಾವು ಮಾಡಿದ ಮೊದಲ ಕೆಲಸವೆಂದರೆ ಹುಡುಗರ ಕೈಯಿಂದ ತಂತಿಯ ಬ್ರಷ್ಷನ್ನೂ ಸೀಮೆಎಣ್ಣೆಯ ಡಬ್ಬಿಯನ್ನೂ ಕಿತ್ತುಕೊಂಡುದು. ನಾವು ಬರುವೆವೆಂದು ಅವರು ಗಾಡಿಗಳನ್ನು ಉಜ್ಜಿ ಥಳಥಳಿಸುವ ಉತ್ಸಾಹದಲ್ಲಿದ್ದರು! ಹಳೆಯ ಬಣ್ಣ, ತುಕ್ಕು, ಎಣ್ಣೆಯ ಜಿಡ್ಡು ಇವೆಲ್ಲ ಸಾಕ್ಷ್ಯಗಳು. ಒಮ್ಮೆ ಉಜ್ಜಿ ತೆಗೆದ ಮೇಲೆ ಅವನ್ನು ಮರಳಿ ಪಡೆಯುವ ಉಪಾಯವಿಲ್ಲ.

ಮೊದಲನೆಯದು ಫೋರ್ಡ್ ಸಂಸ್ಥೆಯ ‘ಟಿ’ ಮಾದರಿ. “ಇದು ಹನ್ನೆರಡನೇ ಇಸವೀದ ಐತ್ರೀ ಸರ, ನಮ್ಮ ಅಜ್ಜಾರು ಹೇಳತಿದ್ರು” ಎಂದು ನಡುವಣ ಸಹೋದರರು ಹೇಳಿದರು. ಮಾದರಿಯ ವಿಷಯದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಕಾಲಡಿಯಲ್ಲಿ ಮೂರು ಪೆಡಲುಗಳು: ಎಡಗಡೆಯದು ಗತಿಯನ್ನು ಬದಲಿಸುವುದಕ್ಕೆ, ನಡುವಿನದು ಹಿಂದಕ್ಕೆ ಚಲಿಸುವುದಕ್ಕೆ, ಬಲಗಡೆಯದು ತಡೆಗೆ; ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಕೀಲು ಕೈಯ ಬಳಿ. ಈ ಏರ್ಪಾಡಿನ ‘ಟಿ’ ಮಾದರಿಯು 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಾಯಿತು. ಆದರೆ ಆ 19 ವರ್ಷಗಳಲ್ಲಿ ಯಾವುದು? 1912ರ ಗಾಡಿಯಾಗಿದ್ದರೆ ರೇಡಿಯೇಟರಿನ ಚೌಕಟ್ಟು ಹಿತ್ತಾಳೆಯದಾಗಿರಬೇಕು, ಮುಂದೀಪಗಳು ಅಸಿಟಿಲೀನ್ ಅನಿಲದಿಂದ ಉರಿಯುವವಾಗಿರಬೇಕು. ಇಲ್ಲಿ ಚೌಕಟ್ಟು ಕಪ್ಪು ತಗಡಿನದು, ದೀಪಗಳು ವಿದ್ಯುತ್ತಿನವು. ಹಿತ್ತಾಳೆಯ ಚೌಕಟ್ಟು 1917ರ ಮಾದರಿಯಿಂದ ಮಾಯವಾಯಿತು.

“ರೇಡಿಯೇಟರು ಆಮೇಲೆ ಬದಲಾಗಿರಬಹುದಲ್ಲ?” ಎಂದು ನಮ್ಮ ವಿದ್ಯಾರ್ಥಿ ಕೇಳಿದನು. ಯೋಗ್ಯವಾದ ಪ್ರಶ್ನೆ. ಬೋಲ್ಟು ಬಿಚ್ಚಿ ಬದಲಿಸಬಹುದಾದ ಯಾವ ಭಾಗವೂ ತಾನೊಂದೇ ಸಾಕ್ಷಿಯಾಗಲಾರದು. ಆದರೆ ಈ ಗಾಡಿಯಲ್ಲಿ ವಿದ್ಯುತ್ ಸ್ಟಾರ್ಟರ್ ಇತ್ತು. ಅದನ್ನು ಕೂರಿಸುವ ಎಡೆ ಎಂಜಿನ್ನಿನ ಕಟ್ಟಡದಲ್ಲಿಯೇ ಇತ್ತು. ‘ಟಿ’ ಮಾದರಿಗೆ ಈ ಸೌಕರ್ಯ ಬಂದುದು 1919ರಲ್ಲಿ. ಆದುದರಿಂದ ಅಜ್ಜನವರ ‘ಹನ್ನೆರಡನೆಯ ಇಸವಿ’ ಕೈಬಿಟ್ಟುಹೋಯಿತು. ಆದರೆ ಗಾಡಿಯು ಫೀವಾದ ಕಟ್ಟುನಿಟ್ಟಾದ ಅರ್ಥದಲ್ಲಿಯೂ ವಿಂಟೇಜ್ ಎಂಬುದು ಸ್ಥಿರಪಟ್ಟಿತು. ಚುಕ್ಕಾಣಿಯ ಚಕ್ರ ಬಲಗಡೆಗಿದ್ದುದರಿಂದ, ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಗಾಡಿಗಳನ್ನು ಒದಗಿಸುತ್ತಿದ್ದ ಕೆನಡಾದ ಫೋರ್ಡ್ ಕಾರ್ಖಾನೆಯಿಂದ ಇದು ಬಂದಿರಬೇಕೆಂದು ಊಹಿಸಿದೆವು. ಈ ಮಾದರಿಯಲ್ಲಿ ಎಂಜಿನ್ನಿನ ಮೇಲಿನ ಸಂಖ್ಯೆಯೇ ಗಾಡಿಯ ಸಂಖ್ಯೆ. ಅದನ್ನು ಓದಲು ತುಕ್ಕನ್ನು ಕೆರೆಯಬೇಕಾಗಿಲ್ಲ; ಕತ್ತಲೆಯಲ್ಲಿ ಟಾರ್ಚಿನ ಬೆಳಕನ್ನು ಲೋಹದ ಮೈಗೆ ಬಹುಮಟ್ಟಿಗೆ ಸಮಾಂತರವಾಗಿ ಹಾಯಿಸಿ, ನಾಲ್ಕು ದಿಕ್ಕುಗಳಿಂದ ಚಿತ್ರ ತೆಗೆದರೆ ಸಾಕು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಕೂದಲೆಳೆಯಷ್ಟು ಆಳದ ಗೀರೂ ಉದ್ದವಾದ ನೆರಳನ್ನು ಚೆಲ್ಲುತ್ತದೆ. ಸಂಜೆಯ ಬಿಸಿಲಿನಲ್ಲಿ ಹೊಲದ ಸಾಲುಗಳು ಎದ್ದು ಕಾಣುವಂತೆ. ಹೀಗೆ ಎರಡು ಅಂಕೆಗಳ ಹೊರತು ಉಳಿದವು ಓದಲು ಬಂದುವು.

ಇನ್ನು ಎರಡನೆಯ ಗಾಡಿ, ಎಲ್ಲರ ಕಣ್ಣೂ ನೆಟ್ಟಿದ್ದ ಷೆವ್ರೊಲೆ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆಯಿತು. ಆಗ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು; ಹೀಗಿರಲಾಗಿ ಪುಣೆಯ ರಸ್ತೆಯ ಮಗ್ಗುಲಿನ ಶ್ರೀಮಂತರ ಮನೆಗೆ ಷೆವ್ರೊಲೆ ಬಂದುದು ಸಹಜವೇ. 1929ರ ಮಾದರಿಯಿಂದ ಈ ಗಾಡಿಗಳಿಗೆ ಆರು ಸಿಲಿಂಡರುಗಳ, ಕವಾಟಗಳು ಮೇಲ್ಗಡೆಯಿರುವ ಎಂಜಿನ್ ಬಂದಿತು. ಮನೆಯವರ ಬಳಿಯಿದ್ದ ಕಾಗದದಲ್ಲಿ ‘ತಯಾರಾದ ವರ್ಷ 1930, ಅಶ್ವಶಕ್ತಿ 26’ ಎಂದಿತ್ತು. ಎಂಜಿನ್ನಿನ ಸಂಖ್ಯೆಯೂ ಕಾಗದಕ್ಕೆ ಸರಿಹೊಂದುತ್ತಿತ್ತು. ಗಿರಾಕಿಗೆ ಇಷ್ಟೇ ಸಾಕಾಗಿತ್ತು.

ನಾವು ಅಚ್ಚುಗಳ ನಡುವಣ ಅಂತರದಿಂದ ಆರಂಭಿಸಿದೆವು. ಗಾಲಿಗಳನ್ನು ನೇರವಾಗಿ ನಿಲ್ಲಿಸಿ, ಮುಂದಿನ ಗಾಲಿಯ ಕೇಂದ್ರದಿಂದ ಹಿಂದಿನ ಗಾಲಿಯ ಕೇಂದ್ರದವರೆಗೆ ಅಳೆದಾಗ 107 ಅಂಗುಲ, ಎಂದರೆ ಸುಮಾರು 2718 ಮಿಲಿಮೀಟರು ಬಂದಿತು. ಎಡಮಗ್ಗುಲಿಗೂ ಬಲಮಗ್ಗುಲಿಗೂ ವ್ಯತ್ಯಾಸ ಕಾಣಲಿಲ್ಲ. ಎಂದರೆ ಚಾಸಿಸ್ ಡೊಂಕಾಗಿಲ್ಲ. 1929 ಮತ್ತು 1930ರ ಷೆವ್ರೊಲೆಗಳ ಅಂತರ 107 ಅಂಗುಲ. 1931ಕ್ಕೆ ಅದು 109 ಆಯಿತು. ಚಾಲಕನ ಮುಂದಿನ ಫಲಕದ ಮಾಪಕಗಳು ದುಂಡಾಗಿದ್ದುವು. ಇದು 1930ರಲ್ಲಿ ಬಂದ ಬದಲಾವಣೆ. ನಾಲ್ಕು ಗಾಲಿಗಳ ತಡೆಗಳೂ ಸರಳುಗಳಿಂದ ಎಳೆಯಲ್ಪಡುವಂತಹವು, ದ್ರವದ ಒತ್ತಡದಿಂದಲ್ಲ. ದ್ರವದ ತಡೆಗಳು ಷೆವ್ರೊಲೆಗೆ 1936ರಲ್ಲಿ ಬಂದುವು. ಹೀಗೆ ಚಾಸಿಸ್ ಮತ್ತು ಮೈಕಟ್ಟು 1930ನೆಯ ಇಸವಿಗೆ ಒಪ್ಪುತ್ತಿದ್ದುವು. ಉಳಿದುದು ಎಂಜಿನ್.

ಕಾಗದದಲ್ಲಿದ್ದ ‘26 ಅಶ್ವಶಕ್ತಿ’ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. 1930ರ ಷೆವ್ರೊಲೆಯ ಎಂಜಿನ್ ವಾಸ್ತವವಾಗಿ ಕೊಡುತ್ತಿದ್ದುದು 50 ಅಶ್ವಶಕ್ತಿಯೆಂದು ತಯಾರಕರು ಹೇಳುತ್ತಿದ್ದರು. ಹಾಗಾದರೆ 26 ಎಲ್ಲಿಂದ ಬಂದಿತು? ಅದು ತೆರಿಗೆಗಾಗಿ ಲೆಕ್ಕಹಾಕಿದ ಅಶ್ವಶಕ್ತಿ. ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬು ಗೊತ್ತುಪಡಿಸಿದ ಸೂತ್ರವಿದು: ಸಿಲಿಂಡರಿನ ಒಳವ್ಯಾಸವನ್ನು ಅಂಗುಲಗಳಲ್ಲಿ ಅಳೆದು, ಅದನ್ನು ವರ್ಗಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು.

ಈ 2.5 ಆಕಾಶದಿಂದ ಬಿದ್ದುದಲ್ಲ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಕಂಡುಹಿಡಿಯಬಹುದು. ಸೂತ್ರವನ್ನು ಮಾಡಿದವರು ಮೂರು ಊಹೆಗಳನ್ನು ಮಾಡಿದ್ದರು. ಪಿಸ್ಟನ್ನಿನ ಮೇಲಿನ ಸರಾಸರಿ ಒತ್ತಡ ಚದರ ಅಂಗುಲಕ್ಕೆ 90 ಪೌಂಡು. ಯಂತ್ರದ ದಕ್ಷತೆ ನೂರಕ್ಕೆ 75. ಪಿಸ್ಟನ್ ನಿಮಿಷಕ್ಕೆ 1000 ಅಡಿ ಓಡುತ್ತದೆ. ನಾಲ್ಕು ಹೊಡೆತಗಳಲ್ಲಿ ಒಂದು ಮಾತ್ರ ಕೆಲಸ ಕೊಡುವುದರಿಂದ ಈ ಓಟದಲ್ಲಿ ಕಾಲುಭಾಗ, ಎಂದರೆ 250 ಅಡಿ, ಲೆಕ್ಕಕ್ಕೆ ಬರುತ್ತದೆ. ಬಲ ಎಂದರೆ ಒತ್ತಡ ಗುಣಿಸು ಕ್ಷೇತ್ರಫಲ. ಕೆಲಸ ಎಂದರೆ ಬಲ ಗುಣಿಸು ದೂರ. ನಿಮಿಷಕ್ಕೆ 33,000 ಅಡಿ-ಪೌಂಡು ಕೆಲಸವೇ ಒಂದು ಅಶ್ವಶಕ್ತಿ. ವ್ಯಾಸದ ವರ್ಗವನ್ನು ಬಿಟ್ಟು ಉಳಿದುದನ್ನು ಗುಣಿಸೋಣ: 67.5 × 0.7854 × 250 ÷ 33,000 = 0.40. ಇದು 2.5ರಿಂದ ಭಾಗಿಸುವುದಕ್ಕೆ ಸಮ.

ಈಗ ಒಂದು ಚಮತ್ಕಾರವನ್ನು ಗಮನಿಸಬೇಕು. ಪಿಸ್ಟನ್ನಿನ ವೇಗವನ್ನು ಎಲ್ಲ ಎಂಜಿನ್ನುಗಳಿಗೂ ಒಂದೇ ಎಂದು ಇಟ್ಟುಕೊಂಡುದರಿಂದ, ಪಿಸ್ಟನ್ ಒಂದು ಸಲಕ್ಕೆ ಎಷ್ಟು ದೂರ ಹೋಗುತ್ತದೆ ಎಂಬ ಹೊಡೆತದ ಉದ್ದ ಸೂತ್ರದಿಂದ ಸಂಪೂರ್ಣವಾಗಿ ಜಾರಿಹೋಗಿದೆ! 1930ರ ಷೆವ್ರೊಲೆಯ ಒಳವ್ಯಾಸ 3 5/16 ಅಂಗುಲ, ಹೊಡೆತ 3 3/4 ಅಂಗುಲ. ಸೂತ್ರದಂತೆ 3.3125 × 3.3125 × 6 ÷ 2.5 = 26.3. 1933ರಿಂದ 1936ರವರೆಗೆ ಬಳಕೆಯಲ್ಲಿದ್ದ ಇನ್ನೊಂದು ಷೆವ್ರೊಲೆ ಎಂಜಿನ್ನಿಗೆ ಒಳವ್ಯಾಸ ಅದೇ 3 5/16 ಅಂಗುಲ. ಹೊಡೆತ ಮಾತ್ರ 4 ಅಂಗುಲ. ಅದರ ತೆರಿಗೆಯ ಅಶ್ವಶಕ್ತಿಯೂ 26.3! 1934ರ ಮಾಸ್ಟರ್ ಮಾದರಿಯಲ್ಲಿ ಅದು 80 ಅಶ್ವಶಕ್ತಿಯನ್ನು ಕೊಡುತ್ತಿದ್ದರೂ ಕಾಗದದ ಮೇಲೆ ಎರಡೂ ಅವಳಿಮಕ್ಕಳು. ಕಾಗದವನ್ನು ಎಷ್ಟು ಸಲ ಓದಿದರೂ ಇವೆರಡನ್ನು ಬೇರ್ಪಡಿಸುವಂತಿಲ್ಲ. ಎಂಜಿನ್ನನ್ನು ಬಿಚ್ಚಿ ಅಳೆಯಬೇಕು.

ಸಂಕೇಶ್ವರದಿಂದ ಒಬ್ಬ ಅನುಭವಸ್ಥ ಮಿಸ್ತ್ರಿಯನ್ನು ಕರೆಸಿದೆವು. ಎರಡು ದಿನ ಎಣ್ಣೆ ಕುಡಿಸಿದ ಮೇಲೆ ಸಿಲಿಂಡರುಗಳ ಮೇಲ್ಮುಚ್ಚಳ ಕಳಚಿಬಂದಿತು. ನಾವು ಕಾಲೇಜಿನಿಂದ ಒಯ್ದಿದ್ದ ವರ್ನಿಯರ್ ಕ್ಯಾಲಿಪರನ್ನೂ ಆಳಮಾಪಕವನ್ನೂ ಹೊರತೆಗೆದೆವು.

ಒಳವ್ಯಾಸವನ್ನು ಮೊದಲು ಅಳೆದೆವು. ಮೂಲದ 3 5/16 ಅಂಗುಲವೆಂದರೆ 84.14 ಮಿಲಿಮೀಟರು. ನಮಗೆ ಸಿಕ್ಕಿದುದು ಒಂದು ಸಿಲಿಂಡರಿನಲ್ಲಿ 84.9, ಇನ್ನೊಂದರಲ್ಲಿ 85.2, ಒಂದೇ ಸಿಲಿಂಡರಿನ ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ. ಇದರಲ್ಲಿ ಆಶ್ಚರ್ಯವಿಲ್ಲ. ಪಿಸ್ಟನ್ನಿನ ಬಳೆಗಳು ಲಕ್ಷಾಂತರ ಸಲ ಉಜ್ಜಿ ಸಿಲಿಂಡರನ್ನು ಸವೆಸುತ್ತವೆ. ಸ್ಫೋಟದ ಒತ್ತಡವೂ ಶಾಖವೂ ಹೆಚ್ಚಾಗಿರುವ ಮೇಲ್ತುದಿಯಲ್ಲಿ ಸವೆತ ಹೆಚ್ಚು. ತೀರ ಸವೆದಾಗ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿ, ದಪ್ಪನಾದ ಪಿಸ್ಟನ್ನನ್ನು ಕೂರಿಸುವ ರೂಢಿಯೂ ಉಂಟು. ಆದುದರಿಂದ ಒಳವ್ಯಾಸವು ಎಂಜಿನ್ನಿನ ಜೀವನಚರಿತ್ರೆಯನ್ನು ಹೇಳುತ್ತದೆಯೇ ಹೊರತು ಅದರ ಜನ್ಮದಿನವನ್ನು ಹೇಳುವುದಿಲ್ಲ.

ಹೊಡೆತದ ಸಂಗತಿ ಬೇರೆ. ಪಿಸ್ಟನ್ನಿನ ಅತ್ಯುನ್ನತ ಸ್ಥಾನಕ್ಕೂ ಅತ್ಯಂತ ಕೆಳಗಿನ ಸ್ಥಾನಕ್ಕೂ ಇರುವ ದೂರವು ಕ್ರಾಂಕ್ ದಂಡದ ಬಾಗಿನ ತ್ರಿಜ್ಯದ ಎರಡರಷ್ಟು. ದಂಡದ ಮಣಿಕಟ್ಟುಗಳು ಸವೆದು ಕೃಶವಾಗಬಹುದು, ಆದರೆ ಅವುಗಳ ಕೇಂದ್ರವು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಎಪ್ಪತ್ತು ವರ್ಷ ಓಡಿಸಿದರೂ ಹೊಡೆತದಲ್ಲಿ ಆರು ಮಿಲಿಮೀಟರಿನ ಬದಲಾವಣೆ ಬರುವುದು ಸಾಧ್ಯವಿಲ್ಲ. ನಾವು ಹುಡುಕಬೇಕಾದುದು ಅಷ್ಟನ್ನೇ: 3 3/4 ಅಂಗುಲವೆಂದರೆ 95.25 ಮಿಲಿಮೀಟರು, 4 ಅಂಗುಲವೆಂದರೆ 101.6 ಮಿಲಿಮೀಟರು, ವ್ಯತ್ಯಾಸ 6.35. ಪ್ರಯೋಗಕ್ಕೆ ಇನ್ನೊಂದು ಅನುಕೂಲವಿದೆ. ಪಿಸ್ಟನ್ ತುದಿಯ ಸ್ಥಾನಗಳ ಬಳಿಗೆ ಬಂದಾಗ ಅದರ ಚಲನೆ ಬಲು ಮಂದವಾಗುತ್ತದೆ. ದಂಡವನ್ನು ತಿರುಗಿಸುವಾಗ ನಮ್ಮ ಕೈ 5 ಡಿಗ್ರಿಯಷ್ಟು ತಪ್ಪಿದರೂ ಪಿಸ್ಟನ್ನಿನ ಸ್ಥಾನದಲ್ಲಿ ಕಾಲು ಮಿಲಿಮೀಟರಿಗಿಂತ ಹೆಚ್ಚು ದೋಷ ಬರುವುದಿಲ್ಲ. ಕೋನ ಚಿಕ್ಕದಾಗಿರುವಾಗ ಅದರ ಕೊಸೈನು ಒಂದಕ್ಕೆ ಎಷ್ಟು ಹತ್ತಿರವಿರುತ್ತದೆಂಬುದನ್ನು ತರಗತಿಯಲ್ಲಿ ಕಲಿಯುವಾಗ ಇದರಿಂದೇನು ಪ್ರಯೋಜನವೆಂದು ಕೇಳುವವರಿಗೆ ಇದು ಉತ್ತರ.

ಆರು ಸಿಲಿಂಡರುಗಳಲ್ಲಿಯೂ ಅಳೆದೆವು. 101.5, 101.6, 101.7: ಎಲ್ಲವೂ ಇದರೊಳಗೇ ಇದ್ದುವು. ಎಂಜಿನ್ 1930ರದಲ್ಲ.

ಇದನ್ನು ಕೇಳಿ ಹಿರಿಯಣ್ಣನ ಮುಖ ಕಂದಿತು. “ಹಂಗಾದ್ರ ನಂಬರ್ ಹ್ಯಾಂಗ ಕೂಡತೈತ್ರೀ?” ಎಂದು ಅವರು ಕೇಳಿದರು. ಸಂಖ್ಯೆಯಿದ್ದ ಜಾಗವನ್ನು ಓರೆ ಬೆಳಕಿನಲ್ಲಿ ಮತ್ತೊಮ್ಮೆ ನೋಡಿದೆವು. ಸುತ್ತಲಿನ ಎರಕದ ಮೈ ಒರಟಾಗಿದ್ದರೆ, ಆ ಪಟ್ಟಿಯ ಮೇಲೆ ಅರದಿಂದ ಉಜ್ಜಿದ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡುತ್ತಿದ್ದುವು. ಅಂಕೆಗಳು ಒಂದೇ ಸಾಲಿನಲ್ಲಿರಲಿಲ್ಲ. ಒಂದು ಆಳ, ಒಂದು ತೇಲು. ಯಾರೋ ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದು, ಕಾಗದದಲ್ಲಿದ್ದ ಸಂಖ್ಯೆಯನ್ನು ಕೈಯಿಂದ ಬಡಿದು ಒತ್ತಿದ್ದರು.

ಉಜ್ಜಿಹೋದ ಸಂಖ್ಯೆ ಶಾಶ್ವತವಾಗಿ ಅಳಿದುಹೋಯಿತೆ? ಹೋಗಬೇಕಾಗಿಲ್ಲ. ಅಂಕೆಯ ಅಚ್ಚನ್ನು ಸುತ್ತಿಗೆಯಿಂದ ಬಡಿದಾಗ ಲೋಹದಲ್ಲಿ ಗುಳಿ ಬೀಳುವುದು ಮಾತ್ರವಲ್ಲ, ಗುಳಿಯ ತಳದಿಂದ ಕೆಳಕ್ಕೆ ಸ್ವಲ್ಪ ದೂರದವರೆಗೆ ಲೋಹದ ಹರಳುಗಳು ನಜ್ಜುಗುಜ್ಜಾಗುತ್ತವೆ. ಹೀಗೆ ವಿರೂಪಗೊಂಡ ಲೋಹದಲ್ಲಿ ಹೆಚ್ಚಿನ ಶಕ್ತಿ ಸಂಗ್ರಹವಾಗಿರುತ್ತದೆ. ಆದಕಾರಣ ಆಮ್ಲದಲ್ಲಿ ಅದು ಸುತ್ತಲಿನ ಲೋಹಕ್ಕಿಂತ ಬೇಗ ಕರಗುತ್ತದೆ. ಗುಳಿಯನ್ನು ಅರದಿಂದ ಸಮಮಾಡಿದವನು ಈ ನಜ್ಜಾದ ಪದರವನ್ನು ಪೂರ್ತಿ ತೆಗೆದಿರದಿದ್ದರೆ, ಮೈಯನ್ನು ನಯಮಾಡಿ ತಾಮ್ರದ ಕ್ಲೋರೈಡು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರಿದಾಗ ಹಳೆಯ ಅಂಕೆಗಳು ಮಬ್ಬಾಗಿ ಮೇಲಕ್ಕೇಳುತ್ತವೆ. ನ್ಯಾಯವಿಜ್ಞಾನದ ಪ್ರಯೋಗಾಲಯಗಳಲ್ಲಿ ಕಳವಿನ ಗಾಡಿಗಳನ್ನು ಗುರುತಿಸುವುದು ಹೀಗೆಯೇ. ಉಕ್ಕಿನ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಎರಕದ ಕಬ್ಬಿಣವು ಪೆಡಸಾದುದರಿಂದ ಬಾಗುವುದಕ್ಕಿಂತ ಬಿರಿಯುವುದೇ ಹೆಚ್ಚು, ಆದುದರಿಂದ ಅದರ ಮೇಲೆ ಫಲ ಅನಿಶ್ಚಿತ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಪ್ರಯತ್ನಿಸಕೂಡದು. ಆಮ್ಲ ಅಪಾಯಕರ ಎಂಬುದು ಒಂದು. ಆಮ್ಲ ಸವರಿದ ಮೇಲೆ ಸಾಕ್ಷ್ಯ ಕೆಟ್ಟುಹೋಗುವುದೆಂಬುದು ಎರಡನೆಯದು. ನಾವೂ ಅದನ್ನು ಮುಟ್ಟಲಿಲ್ಲ.

ಇಷ್ಟು ಹೊತ್ತು ಬಾಗಿಲ ಬಳಿ ಕುಳಿತು ಕೇಳುತ್ತಿದ್ದ, ತೊಂಬತ್ತರ ಅಂಚಿನಲ್ಲಿದ್ದ ಮನೆಯ ಸೋದರತ್ತೆಯವರು ಆಗ ಬಾಯಿಬಿಟ್ಟರು: “ಲಡಾಯಿ ಕಾಲದಾಗ ಇದರ ಇಂಜಿನ್ ಒಡದಿತ್ತಪಾ. ಅಪ್ಪಾರು ಕೊಲ್ಲಾಪುರದಿಂದ ಬ್ಯಾರೆ ಇಂಜಿನ್ ಚಕ್ಕಡ್ಯಾಗ ಹೇರಿಸಿ ತರಿಸಿದ್ರು. ನಾ ಸಣ್ಣಾಕಿ.” ಎರಡನೆಯ ಮಹಾಯುದ್ಧದಲ್ಲಿ, 1942ರ ಫೆಬ್ರವರಿಯಿಂದ, ಅಮೆರಿಕದ ಕಾರ್ಖಾನೆಗಳು ಜನಬಳಕೆಯ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿದ್ದುವು. ಬಿಡಿಭಾಗಗಳು ದುರ್ಲಭವಾದ ಆ ಕಾಲದಲ್ಲಿ, ಹಾಳಾದ ಇನ್ನೊಂದು ಷೆವ್ರೊಲೆಯ ಎಂಜಿನ್ನನ್ನು ತಂದು ಕೂರಿಸಿದುದು ಜಾಣತನವೇ. ನೋಂದಣಿಯ ತೊಡಕು ಬೇಡವೆಂದು ಯಾರೋ ಸಂಖ್ಯೆಯನ್ನು ತಿದ್ದಿರಬೇಕು. ಅಜ್ಜಿಯ ಮಾತಿಗೂ ನಮ್ಮ ಆಳಮಾಪಕಕ್ಕೂ ಹೀಗೆ ಹೊಂದಾಣಿಕೆಯಾಯಿತು. ಆದರೂ ‘ಅಸಲು’ ಎಂದು ಬರೆದುಕೊಡುವುದು ಇನ್ನು ಸಾಧ್ಯವಿರಲಿಲ್ಲ. 2021ರ ನಿಯಮದ ‘ಮೂಲ ಸ್ವರೂಪ’ದ ಮಾತೂ ಇಲ್ಲಿ ತೊಡಕಾಗಿ ನಿಂತಿತು.

ಮೂರನೆಯ ಗಾಡಿಯನ್ನು ಯಾರೂ ಲಕ್ಷಿಸಿರಲಿಲ್ಲ. ಕೋಳಿಗಳು ಅದರ ಹಿಂದಿನ ಆಸನದ ಮೇಲೆ ಗೂಡುಮಾಡಿದ್ದುವು. ನೋಡುವವರು ಅಂಬಾಸಡರ್ ಎಂದೇ ತಿಳಿಯುತ್ತಿದ್ದರು. ಆದರೆ ಅದು ಅಂಬಾಸಡರಿನ ಹಿರಿಯ ಸಂಬಂಧಿ, ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯವರು 1954ರಲ್ಲಿ ಹೊರತಂದ ‘ಲ್ಯಾಂಡ್‌ಮಾಸ್ಟರ್’. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ವಿನ್ಯಾಸ ಇದರದು. ಇದರ ಎಂಜಿನ್ನಿನ ಒಳವ್ಯಾಸ 73.5 ಮಿಲಿಮೀಟರು, ಹೊಡೆತ 87. ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ 1476 ಘನ ಸೆಂಟಿಮೀಟರು. ಕವಾಟಗಳು ಸಿಲಿಂಡರಿನ ಮಗ್ಗುಲಲ್ಲಿವೆ. 1959ರ ಸುಮಾರಿಗೆ ಅಂಬಾಸಡರಿಗೆ ಬಂದ ಎಂಜಿನ್ 1489 ಘನ ಸೆಂಟಿಮೀಟರಿನದು, ಕವಾಟಗಳು ಮೇಲ್ಗಡೆಯವು. ಗಾತ್ರದಲ್ಲಿ ನೂರಕ್ಕೆ ಒಂದರಷ್ಟೇ ವ್ಯತ್ಯಾಸ. ಸವೆದ ಸಿಲಿಂಡರುಗಳನ್ನು ಅಳೆದು ಇವನ್ನು ಬೇರ್ಪಡಿಸಹೊರಡುವುದು ವ್ಯರ್ಥ, ಮುಚ್ಚಳದ ಮೇಲೆ ಕವಾಟಗಳಿವೆಯೆ ಇಲ್ಲವೆ ಎಂದು ನೋಡಿದರೆ ಮುಗಿಯಿತು. ಇಲ್ಲಿ ಮಗ್ಗುಲ ಕವಾಟಗಳ ಎಂಜಿನ್ನೇ ಇತ್ತು, ಸಂಖ್ಯೆ ಆರ್.ಸಿ. ಪುಸ್ತಕಕ್ಕೆ ಸರಿಯಾಗಿತ್ತು, ಅಂಕೆಗಳ ಸುತ್ತ ಅರದ ಗುರುತಿರಲಿಲ್ಲ. ಮೊದಲ ನೋಂದಣಿಯ ಸಂಖ್ಯೆ ಮುಂಬಯಿ ರಾಜ್ಯದ ‘ಬಿ’ ಅಕ್ಷರದಿಂದ ಆರಂಭವಾಗುತ್ತಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನ ಹೊಸ ಗಾಡಿಗಳಿಗೆ ‘ಎಂವೈ’ ಅಕ್ಷರಗಳು ಬಂದುವು. ಆದುದರಿಂದ ಈ ಗಾಡಿ ಅದಕ್ಕೆ ಹಿಂದಿನದು. ಮೈಮೇಲೆಲ್ಲ ಒಂದು ಸಣ್ಣ ಅಯಸ್ಕಾಂತವನ್ನು ಆಡಿಸಿದೆವು. ತಗಡಿನ ಮೇಲೆ ತೆಳುವಾದ ಬಣ್ಣವಿದ್ದಲ್ಲಿ ಅದು ಗಟ್ಟಿಯಾಗಿ ಅಂಟುತ್ತದೆ. ತುಕ್ಕು ತಿಂದ ತೂತನ್ನು ಮೆತ್ತಿದ ಲಾಂಬಿಯಿಂದ ಮುಚ್ಚಿದ್ದಲ್ಲಿ ಜಾರಿಬೀಳುತ್ತದೆ, ಏಕೆಂದರೆ ಅಯಸ್ಕಾಂತದ ಸೆಳೆತ ಅಂತರ ಹೆಚ್ಚಿದಂತೆಲ್ಲ ಅತಿ ಶೀಘ್ರವಾಗಿ ಕುಗ್ಗುತ್ತದೆ. ಎರಡೇ ಕಡೆ ಜಾರಿತು.

ಇನ್ನು ಬೆಲೆ. ಹಳೆಯ ಮೋಟಾರುಗಳಿಗೆ ಪೇಟೆಯ ದರಪಟ್ಟಿಯಿಲ್ಲ. ಅದೇ ಮಾದರಿಯ, ಅದೇ ಮೈಕಟ್ಟಿನ, ಅದೇ ಸ್ಥಿತಿಯ ಗಾಡಿ ವಾಸ್ತವವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು ವಿಚಾರಿಸಬೇಕು. ಮಾರುವವನು ಎಷ್ಟು ಕೇಳುತ್ತಾನೆಂಬುದು ಬೆಲೆಯಲ್ಲ, ಆಸೆ. ಪಾಲಿನ ಲೆಕ್ಕದಲ್ಲಿ ಎಲ್ಲ ಗಾಡಿಗಳನ್ನೂ ಒಂದೇ ದಿನಾಂಕಕ್ಕೆ, ಒಂದೇ ರೀತಿಯಲ್ಲಿ ಬೆಲೆಕಟ್ಟುವುದು ನ್ಯಾಯ. ಒಂದನ್ನು ತೂಕದ ಮೇಲೆಯೂ ಇನ್ನೊಂದನ್ನು ಗಿರಾಕಿಯ ಮಾತಿನ ಮೇಲೆಯೂ ಲೆಕ್ಕಹಾಕಿದರೆ ಅದು ಪಾಲಲ್ಲ.

ದುರಸ್ತಿಯಾಗದೆ ನಿಂತಿರುವ ಗಾಡಿಯ ಬೆಲೆಯೆಂದರೆ, ಪೂರ್ತಿ ಸಿದ್ಧವಾದ ಮೇಲೆ ಅದಕ್ಕೆ ಬರುವ ಬೆಲೆಯಲ್ಲಿ ಸಿದ್ಧಮಾಡುವ ಖರ್ಚನ್ನು ಕಳೆದುದು. ಈ ವ್ಯವಕಲನ ಸುಲಭವಾಗಿ ಕಂಡರೂ ಅದರಲ್ಲಿ ಒಂದು ಬಲೆಯಿದೆ. ಕೇವಲ ಲೆಕ್ಕಕ್ಕಾಗಿ ಕೆಲವು ಅಂಕೆಗಳನ್ನು ಇಟ್ಟುಕೊಳ್ಳೋಣ. ಅಸಲು ಎಂಜಿನ್ನಿನ ಷೆವ್ರೊಲೆ ಸಿದ್ಧವಾದಾಗ 10 ಲಕ್ಷ, ದುರಸ್ತಿಗೆ 6 ಲಕ್ಷ. ನಿಂತಲ್ಲಿ ಬೆಲೆ 4 ಲಕ್ಷ. ಎಂಜಿನ್ ಬದಲಾಗಿದೆಯೆಂದು ಸಿದ್ಧ ಗಾಡಿಯ ಬೆಲೆ 7 ಲಕ್ಷಕ್ಕೆ ಇಳಿಯಿತೆನ್ನೋಣ. ದುರಸ್ತಿಯ ಖರ್ಚು ಇಳಿಯುವುದಿಲ್ಲ. ಕೊಳೆತ ಮರದ ಚೌಕಟ್ಟನ್ನು ಕೆತ್ತುವ ಬಡಗಿಗೂ ನಿಕ್ಕಲ್ ಲೇಪಿಸುವವನಿಗೂ ಎಂಜಿನ್ನಿನ ವಂಶಾವಳಿ ಬೇಕಾಗಿಲ್ಲ. ನಿಂತಲ್ಲಿ ಬೆಲೆ ಈಗ 1 ಲಕ್ಷ! ಸಿದ್ಧ ಬೆಲೆ ನೂರಕ್ಕೆ 30 ಇಳಿದುದರಿಂದ ಪಾಲಿನ ಬೆಲೆ ನೂರಕ್ಕೆ 75 ಇಳಿಯಿತು. ಲ್ಯಾಂಡ್‌ಮಾಸ್ಟರು ಸಿದ್ಧವಾದಾಗ 4 ಲಕ್ಷಕ್ಕೆ ಮಾತ್ರ ಹೋಗಿ, ಅದಕ್ಕೆ ತಗಲುವ ಖರ್ಚು 2 ಲಕ್ಷವಾದರೂ ಕೋಳಿಗೂಡಿನ ಗಾಡಿಯೇ ಮುಂದಾಗುತ್ತದೆ. ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸವು ಚಿಕ್ಕದಾಗಿರುವಾಗ, ಆ ಸಂಖ್ಯೆಗಳಲ್ಲಿನ ಸ್ವಲ್ಪ ದೋಷವೂ ವ್ಯತ್ಯಾಸದಲ್ಲಿ ಬೃಹತ್ತಾಗಿ ಕಾಣುತ್ತದೆಂಬುದನ್ನು ಪ್ರಯೋಗಶಾಲೆಯಲ್ಲಿ ಕೆಲಸಮಾಡಿದವರೆಲ್ಲ ಬಲ್ಲರು.

ಬೆಲೆಗೆ ಇನ್ನೊಂದು ಮುಖವುಂಟು. ಅದು ಗಾಡಿಯ ಚರಿತ್ರೆ. ಕೊಲ್ಲಾಪುರದಲ್ಲಿ ದಸರೆಯ ಮೆರವಣಿಗೆಗೆ ಹೊರಡುವ ಅರಸುಮನೆತನದ ಮೇಬ್ಯಾಕ್ ಗಾಡಿಯನ್ನು ನಮ್ಮ ಗಡಿಭಾಗದ ಅನೇಕರು ನೋಡಿರಬಹುದು. ಅದರ ಬೆಲೆಯಲ್ಲಿ ಲೋಹದ ಪಾಲೆಷ್ಟು, ಮನೆತನದ ಪಾಲೆಷ್ಟು? ಹಳೆಯ ಗಾಡಿಗಳನ್ನು ಒಟ್ಟಿಗೆ ನೋಡಿ ಹೋಲಿಸಬೇಕೆನ್ನುವ ವಿದ್ಯಾರ್ಥಿಗಳು ಧರ್ಮಸ್ಥಳದ ಸಂಗ್ರಹಕ್ಕೆ ಹೋಗಬಹುದು. ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಗಾಡಿಗಳಿಗಾಗಿ ಶ್ರೀರಂಗಪಟ್ಟಣದ ಬಳಿ ಬೆಂಗಳೂರು-ಮೈಸೂರು ರಸ್ತೆಯಲ್ಲಿ ‘ಪಯಣ’ ಎಂಬ ವಸ್ತುಸಂಗ್ರಹಾಲಯವೂ 2023ರಲ್ಲಿ ತೆರೆದಿದೆ. ಹಿತ್ತಾಳೆಯ ರೇಡಿಯೇಟರಿಗೂ ತಗಡಿನದಕ್ಕೂ ಇರುವ ಭೇದವನ್ನು ಚಿತ್ರದಲ್ಲಿ ನೋಡುವುದಕ್ಕಿಂತ ಎದುರಿಗೆ ನೋಡಿದರೆ ಮರೆಯುವುದಿಲ್ಲ.

ಕಾಗದಪತ್ರದ ಕೆಲಸವನ್ನು ಮನೆಯವರು ಅಲಕ್ಷಿಸಿದ್ದರು. ಒಡೆಯನು ತೀರಿಕೊಂಡ 30 ದಿನಗಳೊಳಗಾಗಿ ವಾರಸುದಾರನು ಸಾರಿಗೆ ಅಧಿಕಾರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಕೊಡತಕ್ಕದ್ದು. ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸುವುದಾದರೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂದಿರುತ್ತದೆ, ಹಿಂದೆಯೇ ನೋಂದಾಯಿತವಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಅಂತಹ ಗಾಡಿಯನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ.

ಕೊನೆಗೆ ಸಹೋದರರು ಮಾಡಿಕೊಂಡ ಏರ್ಪಾಡು ಹೀಗೆ. ಪಟ್ಟಣದ ಗಿರಾಕಿಗೆ ಎಂಜಿನ್ನಿನ ಸಂಗತಿಯನ್ನು ಇದ್ದಂತೆ ಬರೆದು ತಿಳಿಸಿದರು. ಅವನಿಂದ ಮರುಮಾತು ಬರಲಿಲ್ಲ. ಲ್ಯಾಂಡ್‌ಮಾಸ್ಟರು ಕಿರಿಯ ತಮ್ಮನ ಪಾಲಿಗೆ ಬಂದಿತು. ಕೋಳಿಗಳಿಗೆ ಬೇರೆ ಗೂಡು ಕಟ್ಟಿಸಿದರು. ಫೋರ್ಡು ನಡುವಣವರಿಗೆ ಹೋಯಿತು. ಷೆವ್ರೊಲೆ ಹಿರಿಯಣ್ಣನ ಬಳಿಯೇ ಉಳಿಯಿತು, ಆದರೆ ಹೊಸ ಲೆಕ್ಕದ ಪ್ರಕಾರ. ಪಾಲಿನಲ್ಲಿ ಕೊರೆಯಾದುದಕ್ಕೆ ಅವರಿಗೆ ತೋಟದ ಬಾವಿಯ ಕಡೆಯ ತುಂಡು ಸೇರಿತು. ಅಜ್ಜಿಯ ಹೇಳಿಕೆಯನ್ನು ನಮ್ಮ ವಿದ್ಯಾರ್ಥಿಯಿಂದ ದಿನಾಂಕ ಸಹಿತ ಬರೆಯಿಸಿ, ಆಕೆಯ ಹೆಬ್ಬೆರಳ ಗುರುತು ಹಾಕಿಸಿ, ಆರು ಸಿಲಿಂಡರುಗಳ ಅಳತೆಯ ಕಾಗದದೊಡನೆ ಆ ಗಾಡಿಯ ಕಡತಕ್ಕೆ ಸೇರಿಸಿದೆವು. ಫೋರ್ಡಿನ ಸಂಖ್ಯೆಯಲ್ಲಿ ಮಬ್ಬಾಗಿ ಉಳಿದ ಎರಡು ಅಂಕೆಗಳನ್ನು ಓದಲು ಬೇಸಗೆಯ ರಜೆಯಲ್ಲಿ ಮತ್ತೆ ಹೋಗಬೇಕಾಗಿದೆ.